ಸೈಕಲ್‌ಗೆ ಒಂದೇ ಸಾಲಾ?

ಸಾರಿಗೆ ಇತಿಹಾಸದ ಮ್ಯೂಸಿಯಂ ಹೇಗಿರಬೇಕು ಎಂಬ ಲೇಖನ ಚೆನ್ನಾಗಿದೆ. ಆದರೆ ಉಗಿ ಎಂಜಿನ್‌ಗೆ ಅರ್ಧ ಲೇಖನ, ಸೈಕಲ್‌ಗೆ ಒಂದೇ ಸಾಲು! ನಾನು ಸೈಕಲ್ ಪಕ್ಷದವನು, ಒಪ್ಪಿಕೊಳ್ಳುತ್ತೇನೆ. ಆದರೂ ಇದು ಅನ್ಯಾಯ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಎರಡು ಚಕ್ರದ ಮರದ ಗಾಡಿಗೆ ಪೆಡಲ್ಲೇ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. 1885ರ ರೋವರ್ ಸೈಕಲ್ ನೋಡಿದರೆ ಮಾತ್ರ ಈಗಿನದೇ ಅನಿಸುತ್ತದೆ. ಹಿಂದಿನ ಚಕ್ರಕ್ಕೆ ಚೈನು, ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ. ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ್ದೂ ಕಾರಿಗಲ್ಲ, ಮಗನ ಮೂರು ಚಕ್ರದ ಸೈಕಲ್‌ಗೆ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಕೇಳಿದ ಮೂರು ಚಕ್ರದ ಕಾರಿನಲ್ಲೂ ಸೈಕಲ್ಲಿನ ಥರದ ಕಡ್ಡಿ ಚಕ್ರ, ಚೈನು. ಹಾಗಿದ್ದಮೇಲೆ ಇವನ್ನೆಲ್ಲ ಬೇರೆ ಬೇರೆ ಕೋಣೆಯಲ್ಲಿ ಯಾಕೆ ಇಡಬೇಕು? ಪಕ್ಕಪಕ್ಕ ಇಟ್ಟರೆ ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ಎಷ್ಟು ಅಶ್ವಶಕ್ತಿ, ಎಷ್ಟು ತೂಕ ಎಂಬ ಫಲಕಗಳನ್ನು ಯಾರೂ ಜಾಸ್ತಿ ಓದುವುದಿಲ್ಲ. ಬದಲಿಗೆ ಬರ್ತಾ ಬೆಂಜ್ ಕಥೆ ಹಾಕಿ ನೋಡಿ. 1888ರಲ್ಲಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವರ ಕಾರಿನಲ್ಲೇ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ಹೋದ ಹೆಂಗಸು. ಇಂಧನ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ. ಸವೆದ ಬ್ರೇಕಿಗೆ ಚರ್ಮ ಹಾಕಿಕೊಟ್ಟಿದ್ದು ಚಪ್ಪಲಿ ಹೊಲಿಯುವವರು! ಇದನ್ನು ಓದಲು ಮಕ್ಕಳು ಖಂಡಿತ ನಿಲ್ಲುತ್ತಾರೆ.

ಮತ್ತೆ, ಎಲ್ಲದಕ್ಕೂ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಅಂತ ಬರೆಯುವುದೇಕೆ? ಒಂದು ಹಳೇ ಬಸ್ಸನ್ನಾದರೂ ಸುಮ್ನೆ ಹತ್ತಿ ಇಳಿಯಲು ಬಿಡಬಾರದಾ?