ಸತ್ಯಾಂಶ: ಇಂಜಿನ್ ರಿಪೇರಿ ಆದ ಕಾರನ್ನು ತಳ್ಳಿದರೆ ಸರಿಹೋಗುತ್ತಾ?

ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಇಂಜಿನ್ ಕೆಲಸ ಆದ ಹಳೇ ಕಾರು ಸ್ಟಾರ್ಟ್ ಆಗದಿದ್ದರೆ ಹೆದರಬೇಡಿ. ಹೊಸ ರಿಂಗ್ ಟೈಟ್ ಇರುತ್ತದೆ. ನಾಲ್ಕು ಜನ ಸೇರಿ ತಳ್ಳಿ."

ಇದರಲ್ಲಿ ಅರ್ಧ ನಿಜ ಇದೆ. ಹೊಸ ರಿಂಗ್ (ಪಿಸ್ಟನ್ ಸುತ್ತ ಕೂರುವ ಲೋಹದ ಬಳೆ) ಹಾಕಿದಾಗ ಇಂಜಿನ್ ಸ್ವಲ್ಪ ಬಿಗಿಯಾಗಿ ತಿರುಗುತ್ತದೆ. ಆದರೆ ಸ್ಟಾರ್ಟರ್ (ಕೀ ತಿರುಗಿಸಿದಾಗ ಇಂಜಿನ್ ತಿರುಗಿಸುವ ಮೋಟಾರ್) ಚೆನ್ನಾಗಿ ತಿರುಗಿಸುತ್ತಿದ್ದರೂ ಇಂಜಿನ್ ಹಿಡಿಯುತ್ತಿಲ್ಲ ಅಂದರೆ ತೊಂದರೆ ಬಿಗಿಯದ್ದಲ್ಲ. ತಳ್ಳಿದರೂ ಆಗುವುದು ಅಷ್ಟೇ, ಇಂಜಿನ್ ತಿರುಗುತ್ತದೆ.

ಹಳೇ ಪೆಟ್ರೋಲ್ ಕಾರಾದರೆ ಮೊದಲ ಅನುಮಾನ ಡಿಸ್ಟ್ರಿಬ್ಯೂಟರ್ ಮೇಲೆ, ಅಂದರೆ ಸಿಲಿಂಡರ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗದ ಮೇಲೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) 2 ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ 1 ಸುತ್ತು. ಹಾಗಾಗಿ ಕ್ರ್ಯಾಂಕ್ ಕಡೆಯ ಟೈಮಿಂಗ್ ಗುರುತು ಸರಿಯಾಗಿ ಕೂತಿದ್ದರೂ ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಿರುಗಿ ಕೂತಿರಬಹುದು. ಆಗ ಕಿಡಿ ಬರುತ್ತದೆ, ಆದರೆ ಹೊಗೆ ಹೊರಹೋಗುವ ಹೊತ್ತಿಗೆ! ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಿಂದ 'ಢಬ್' ಅಂತ ಸದ್ದು ಬಂದರೆ ಇಲ್ಲೇ ನೋಡಿ. ಡಿಸ್ಟ್ರಿಬ್ಯೂಟರ್‌ನಿಂದ ಸ್ಪಾರ್ಕ್ ಪ್ಲಗ್‌ಗಳಿಗೆ ಹೋಗುವ ವೈರ್ ಅದಲುಬದಲಾದರೂ ಇದೇ ಕಥೆ. ಪ್ರೀಮಿಯರ್ ಪದ್ಮಿನಿಯಂಥ 4 ಸಿಲಿಂಡರ್ ಕಾರಿನಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ 1-3-4-2.

ಸ್ಟಾರ್ಟರ್ ನಿಧಾನಕ್ಕೆ ನರಳುತ್ತಿದ್ದರೆ ಬ್ಯಾಟರಿ ನೋಡಿ, ಜೊತೆಗೆ ಇಂಜಿನ್‌ನ ಅರ್ತ್ ವೈರ್ (ಇಂಜಿನ್ ಮತ್ತು ಕಾರಿನ ಬಾಡಿ ನಡುವಿನ ದಪ್ಪ ವೈರ್) ಕೂಡ. ಇಂಜಿನ್ ಇಳಿಸಿ ಏರಿಸುವಾಗ ಅದನ್ನು ವಾಪಸ್ ಹಾಕುವುದು ಮರೆತುಹೋಗುತ್ತದೆ, ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ.

ಆದರೆ ಟೈಮಿಂಗ್ ಬೆಲ್ಟ್ (ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಕ್ರ್ಯಾಂಕ್‌ಗೆ ಹೊಂದಿಸುವ ಪಟ್ಟಿ) ತಪ್ಪಾಗಿ ಕೂತಿದ್ದರೆ ತಳ್ಳುವುದು ಅಪಾಯ. ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಬಾಗಿಸುತ್ತದೆ. ಆಮೇಲೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಾಲ್ವ್ ಹುಡುಕಬೇಕು, ಇಂಜಿನ್‌ನ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಮತ್ತೆ ಬಿಚ್ಚಬೇಕು. ಅನುಮಾನ ಇದ್ದರೆ ಟೋ ಮಾಡಿಸಿ, ಕೆಲಸ ಮಾಡಿದ ಗ್ಯಾರೇಜಿಗೇ ಕಳಿಸಿ.