ಅಪ್ಪನ ಹೆಸರಿನಲ್ಲಿ ಒಂದು ‘ಪಿ’ ಜಾಸ್ತಿ

‘ಅರ್ಹತಾ ನಿಯಮ ಸಡಿಲಿಕೆ’ ಎಂಬ ಹೆಡ್ಡಿಂಗ್ ಕಂಡಾಗಲೆಲ್ಲ ನನಗೆ ಮದುವೆ ಊಟ ನೆನಪಾಗುತ್ತದೆ. ಎರಡನೇ ಪಂಕ್ತಿಯಲ್ಲಿ ಕೂತ ದೊಡ್ಡವರೊಬ್ಬರು, ಮೂರನೇ ಹೋಳಿಗೆ ಎಲೆಗೆ ಬಿದ್ದ ಮೇಲೆ, ಯಾರಿಗೂ ಕಾಣದ ಹಾಗೆ ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಳ್ಳುತ್ತಾರಲ್ಲ, ಆ ಸಡಿಲಿಕೆ. ಮುಂದಿನ ಪಂಕ್ತಿಗೆ ಬಾಗಿಲಲ್ಲಿ ಕಾಯುತ್ತಾ ನಿಂತವನಿಗೆ ಅದರಿಂದ ಏನು ಸಿಕ್ಕಿತು ಅಂತ ಕೇಳಬಾರದು. ಸಡಿಲ ಆಗಿದ್ದಂತೂ ನಿಜ ತಾನೇ?

ಈ ಪೈಕಿ ನನಗೆ ಬಹಳ ಇಷ್ಟವಾದದ್ದು 2020ರ ಮೇ ತಿಂಗಳದ್ದು. ದೇಶ ಬೀಗ ಹಾಕಿಕೊಂಡು ಕೂತಿತ್ತು. ಕೂಲಿಗೆ ಹೋದವರು ಹೆದ್ದಾರಿ ಹಿಡಿದು ಊರಿಗೆ ನಡೆಯುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ದಿಲ್ಲಿಯಲ್ಲಿ ಪ್ರೈಮ್ ಮಿನಿಸ್ಟರ್ಸ್ ರಿಸರ್ಚ್ ಫೆಲೋಶಿಪ್ಪಿನ ನಿಯಮ ಸಡಿಲವಾಯಿತು. 2018ರ ಬಜೆಟ್ಟಿನಲ್ಲಿ ಹೇಳಿದ ಯೋಜನೆ ಅದು. ಐಐಟಿ, ಐಐಎಸ್‌ಸಿಯಂಥ ಕಡೆ ಪಿಎಚ್‌.ಡಿ. ಮಾಡುವವರಿಗೆ ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿ, ಕೊನೆಗೆ 80,000. ಅದರ ಮೇಲೆ ಸಂಶೋಧನೆಯ ಖರ್ಚಿಗೆ ವರ್ಷಕ್ಕೆ 2 ಲಕ್ಷ. ಒಳ್ಳೆಯದೇ, ತಮಾಷೆಗೆ ಹೇಳುತ್ತಿಲ್ಲ. ವಿಜ್ಞಾನಿಗಳೂ ಮನೆ ಬಾಡಿಗೆ ಕಟ್ಟಬೇಕು. ಆದರೆ ಐಐಟಿ, ಎನ್‌ಐಟಿಯಂಥ ಕಡೆ ಓದದೆ ಉಳಿದ ಕಾಲೇಜುಗಳಿಂದ ಬಂದವರಿಗೆ ಗೇಟ್ ಎಂಬ ಇಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ 750 ಸ್ಕೋರ್ ಬೇಕಿತ್ತು. ಅದನ್ನು 650ಕ್ಕೆ ಇಳಿಸಿದರು. ಡಿಗ್ರಿಯ ಸರಾಸರಿ ಅಂಕ, ಅಂದರೆ ಸಿಜಿಪಿಎ, 10ಕ್ಕೆ 8 ಮಾತ್ರ ಇದ್ದ ಹಾಗೇ ಇರಲಿ ಎಂದರು.

ಗೇಟ್ ಎಂಬ ಹೆಸರನ್ನು ಯಾರಿಟ್ಟರೋ, ಅವರಿಗೆ ಒಂದು ನಮಸ್ಕಾರ. ನಮ್ಮೂರ ರೈಲ್ವೆ ಗೇಟ್ ಬಿದ್ದಾಗ ಬೈಕಿನವರು ತಲೆ ಬಗ್ಗಿಸಿ ಕೆಳಗಿನಿಂದ ನುಗ್ಗುತ್ತಾರೆ. ಸರ್ಕಾರ ಈಗ ಗೇಟನ್ನು ಒಂದಡಿ ಮೇಲೆತ್ತಿದೆ, ಬಗ್ಗಲು ಬರುವವರು ಬಗ್ಗಿ ಹೋಗಬಹುದು. ಗೇಟಿನ ತನಕ ಬರೋಕೆ ಬಸ್ಸೇ ಇಲ್ಲದವರು? ಅದು ಬೇರೆ ಇಲಾಖೆ.

ಆ ಬೇರೆ ಇಲಾಖೆಯನ್ನು ನಾನು ಈಚೆಗೆ ಹತ್ತಿರದಿಂದ ನೋಡಿದೆ. ನಮ್ಮ ಓಣಿಯ ಗೌಂಡಿಯೊಬ್ಬರ ಮಗಳು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಾಳೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬೇಕು, ‘ಕಾಕಾ, ನೀವು ಪೇಪರಿಗೆ ಬರೀತೀರಲ್ಲ, ಸ್ವಲ್ಪ ನಮ್ಮ ಕೂಡ ಬರ್ರಿ’ ಎಂದಳು. ಪೇಪರಿಗೆ ಬರೆಯುವವನನ್ನು ಕಂಡರೆ ಸರ್ವರ್ ಹೆದರುತ್ತದೆ ಅಂತ ಆ ಮಗುವಿಗೆ ಯಾರು ಹೇಳಿದ್ದರೋ. ಸುಮ್ನೆ ಹೋದೆ.

ಸೈಬರ್ ಸೆಂಟರಿನ ಗೋಡೆಯ ಮೇಲೆ ಎರಡು ಫೋಟೊಗಳ ನಡುವೆ ಒಂದು ಬೋರ್ಡು: ‘ಸರ್ವರ್ ಸಮಸ್ಯೆಗೆ ನಾವು ಜವಾಬ್ದಾರರಲ್ಲ.’ ಫೋಟೊದಲ್ಲಿದ್ದ ದೇವರೂ ಅದನ್ನೇ ಹೇಳುತ್ತಿರುವ ಹಾಗಿತ್ತು. ಆಧಾರ್ ಬೇಕು, ಜಾತಿ-ಆದಾಯದ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಮಾರ್ಕ್ಸ್ ಕಾರ್ಡ್ ಬೇಕು, ಫೀ ಕಟ್ಟಿದ ರಸೀದಿ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಸೀಡಿಂಗ್ ಆಗಬೇಕು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಹುಡುಗ ನನ್ನ ಮುಖವನ್ನು ಕರುಣೆಯಿಂದ ನೋಡಿದ.

ಓಟಿಪಿ ಅಪ್ಪನ ಫೋನಿಗೆ ಹೋಯಿತು. ಅಪ್ಪ ಆಗ ಮೂರನೇ ಅಂತಸ್ತಿನ ಸಾರವೆ ಮೇಲಿದ್ದರು. ಒಂದು ಕೈಯಲ್ಲಿ ಕರಣಿ, ಇನ್ನೊಂದು ಕೈಯೆಲ್ಲ ಸಿಮೆಂಟು. ಕೈ ಒರೆಸಿ, ಫೋನ್ ತೆಗೆದು, ಕನ್ನಡಕ ಇಲ್ಲದೆ ಆರು ಅಂಕಿ ಓದಿ ಹೇಳುವ ಹೊತ್ತಿಗೆ ಟೈಮ್ ಮುಗಿದಿತ್ತು. ಎರಡನೇ ಸಲ ನಾಲ್ಕೂ ಒಂಬತ್ತೂ ಅದಲು ಬದಲಾಯಿತು. ಮೂರನೇ ಸಲಕ್ಕೆ ಮೇಸ್ತ್ರಿ ಬೈಯುವುದು ಇಲ್ಲಿಗೇ ಕೇಳಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಪೂಜಾರಿಯಾದರೆ ತಟ್ಟೆಗೆ ಹತ್ತು ರೂಪಾಯಿ ಹಾಕಿ ಮಾತಾಡಿಸಬಹುದಿತ್ತು. ಓಟಿಪಿಗೆ ತಟ್ಟೆ ಎಲ್ಲಿದೆ?

ನಾಲ್ಕನೇ ಸಲ ಒಳಗೆ ಹೋದೆವು. ಕೆಂಪು ಅಕ್ಷರ ಬಂತು.

‘ಸರ, ಇವ್ರ ಅಪ್ಪನ ಹೆಸರಿನ್ಯಾಗ ಒಂದು ಪಿ ಜಾಸ್ತಿ ಐತ್ರಿ.’

ಅವರ ಹೆಸರು ಬೇಡ. ಕೊನೆಗೆ ‘ಅಪ್ಪ’ ಬರುತ್ತದೆ, ನಮ್ಮ ಕಡೆ ಅರ್ಧ ಊರಿಗೆ ಬರುವ ಹಾಗೆ. ಆಧಾರ್‌ನಲ್ಲಿ ಇಂಗ್ಲಿಷಿನ ಎರಡು ಪಿ ಇವೆ. ಮಗಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಇದೆ. ಹೆಸರು ಹಚ್ಚಿದ ದಿನ ಯಾವ ಮಾಸ್ತರು ಒತ್ತಕ್ಷರದಲ್ಲಿ ಉಳಿತಾಯ ಮಾಡಿದರೋ ಗೊತ್ತಿಲ್ಲ. ಕನ್ನಡದಲ್ಲಿ ಎರಡು ಕಡೆಯೂ ಅದೇ ಅಪ್ಪ. ಕಂಪ್ಯೂಟರಿಗೆ ಮಾತ್ರ ಇಬ್ಬರು ಬೇರೆ ಬೇರೆ ಗಂಡಸರು.

ಅಲ್ಲಿ ಕೂತಿದ್ದಾಗ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾದರು. ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲೇ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದವರು. ದಿವಾನ್ ರಂಗಾಚಾರ್ಲು ಅವರ ಕಾಲ. ನಮ್ಮ ಪುಣ್ಯ, ಆಗ ಪೋರ್ಟಲ್ ಇರಲಿಲ್ಲ. ಇದ್ದಿದ್ದರೆ? ತಂದೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು, ಹಾಗಾಗಿ ತಂದೆಯ ಓಟಿಪಿ ಹತ್ತಿರವೇ ಅರ್ಜಿ ನಿಲ್ಲುತ್ತಿತ್ತು. ಮನೆತನದ ಹೆಸರು ಮೋಕ್ಷಗುಂಡಂ, ಆ ಊರಿರುವುದು ಆಂಧ್ರದಲ್ಲಿ. ‘ಈ ರಾಜ್ಯದ ನಿವಾಸಿ ಎನ್ನುವುದಕ್ಕೆ ದಾಖಲೆ ಲಗತ್ತಿಸಿ.’ ಸೇರುವ ಕಾಲೇಜು ಹೊರರಾಜ್ಯದ್ದು, ಪಟ್ಟಿಯಲ್ಲಿ ಕಾಣುವುದಿಲ್ಲ. ಇಷ್ಟೂ ದಾಟಿ ಬಂದರೆ ಹೆಸರಿನ ಸ್ಪೆಲ್ಲಿಂಗ್. ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ಅವರ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಥರ ಬರೆಯುತ್ತದೆ. ಅವರೇ ಓದಿದ ಸೆಂಟ್ರಲ್ ಕಾಲೇಜಿನ ಹತ್ತಿರದ ಮೆಟ್ರೊ ಸ್ಟೇಷನ್ ಇನ್ನೊಂದು ಥರ ಬರೆಯುತ್ತದೆ. ಒಂದರಲ್ಲಿ ‘ಎಚ್’ ಇಲ್ಲ, ಇನ್ನೊಂದರಲ್ಲಿ ಇದೆ. 1955ರಲ್ಲಿ ಭಾರತ ರತ್ನ ಬಂತು, 1962ರಲ್ಲಿ ತೀರಿಕೊಂಡರು, ನೇಮ್ ಮಿಸ್‌ಮ್ಯಾಚ್ ಇನ್ನೂ ಸರಿಹೋಗಿಲ್ಲ. ಆ ಅರ್ಜಿ ತಿರಸ್ಕೃತ ಆಗಿದ್ದರೆ ಕೃಷ್ಣರಾಜಸಾಗರದ ಕಥೆ ಏನು ಅಂತ ಮಂಡ್ಯದವರು ಯೋಚಿಸಲಿ.

ಇರಲಿ, ಹೆಸರು ದಾಟಿದವರು ಆದಾಯಕ್ಕೆ ಬರಬೇಕು. ಈ ದೇಶದಲ್ಲಿ ಬಡವ ಯಾರು ಅಂತ ಕೇಳಿದರೆ ಯಾವ ಕೌಂಟರಿನಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ. ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಯ ಕೌಂಟರಿನಲ್ಲಿ ವರ್ಷಕ್ಕೆ 8 ಲಕ್ಷದ ಒಳಗಿನವನು ಬಡವ. ಆದಾಯ ತೆರಿಗೆಯವರು ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ‘ಪಾಪ, ಬಿಡಿ’ ಎನ್ನುತ್ತಾರೆ. ಪರಿಶಿಷ್ಟರ ಮಕ್ಕಳಿಗೆ ಕೊಡುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಕೌಂಟರಿನಲ್ಲಿ ಮಾತ್ರ ಗೆರೆ 2.5 ಲಕ್ಷ. ಅದನ್ನು ಎಳೆದು ಹತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ದೋಸೆಯ ದರ ಸಡಿಲವಾಗಿದೆ, ಬಸ್ಸಿನ ಟಿಕೆಟ್ ಸಡಿಲವಾಗಿದೆ, ಗ್ಯಾಸ್ ಅಂತೂ ಕೇಳಬೇಡಿ. ಗೆರೆ ಏರಿಸುವ ಪ್ರಸ್ತಾವ ಇದೆ ಎಂಬ ಸುದ್ದಿ ಮಾತ್ರ ಮಳೆಗಾಲದಂತೆ ಬಂದು ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ. ಗಂಡ ಹೆಂಡತಿ ಇಬ್ಬರೂ ಕೂಲಿ. ತಲೆಗೆ ದಿನಕ್ಕೆ 400 ರೂಪಾಯಿ, ತಿಂಗಳಿಗೆ 26 ದಿನ. ವರ್ಷಕ್ಕೆ ಆಗುವುದು 2,49,600. ಮಗ ಸ್ಕಾಲರ್‌ಶಿಪ್ಪಿಗೆ ಅರ್ಹ. ಒಂದು ಭಾನುವಾರ, ಯಾರದೋ ಗೃಹಪ್ರವೇಶ ಹತ್ತಿರ ಬಂದಿದೆ ಅಂತ ಇಬ್ಬರೂ ಕೆಲಸಕ್ಕೆ ಹೋದರು ಅನ್ನಿ. 2,50,400. ಅಭಿನಂದನೆಗಳು, ನೀವೀಗ ಶ್ರೀಮಂತರು. ಕಾಯಕವೇ ಕೈಲಾಸ ಎಂದ ನಾಡಿನಲ್ಲಿ ಆ ಭಾನುವಾರ ಕಾಯಕ ಮಾಡಿದ್ದು ತಪ್ಪಾಯಿತು ನೋಡಿ.

ಇನ್ನೂ ಮಜಾ ಇದೆ. ಪರಿಶಿಷ್ಟ ಜಾತಿಯ ಹುಡುಗ ಐಐಟಿ, ಎನ್‌ಐಟಿಯಂಥ ಕಡೆ ಸೇರಿದರೆ ಕೇಂದ್ರದ್ದೇ ‘ಟಾಪ್ ಕ್ಲಾಸ್’ ಎಂಬ ಇನ್ನೊಂದು ಯೋಜನೆ ಇದೆ. ಅಲ್ಲಿ ಮನೆಯ ಆದಾಯ 8 ಲಕ್ಷದವರೆಗೆ ಇರಬಹುದು. ಅಂದರೆ 3 ಲಕ್ಷ ಆದಾಯದ ಮನೆಯ ಹುಡುಗ ಹುಬ್ಬಳ್ಳಿಯ ಯಾವುದೋ ಕಾಲೇಜಿಗೆ ಸೇರಿದರೆ ಸಾಹುಕಾರ. ಅದೇ ಹುಡುಗ, ಅದೇ ಅಪ್ಪ, ಅದೇ ಎಮ್ಮೆ, ಐಐಟಿ ಧಾರವಾಡಕ್ಕೆ ಸೇರಿದರೆ ಬಡವ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿ ಸುಮಾರು 22 ಕಿಲೋಮೀಟರ್. ಅಷ್ಟರಲ್ಲಿ ಬಡತನದ ಗೆರೆ 5.5 ಲಕ್ಷ ಮೇಲೇರುತ್ತದೆ, ಕಿಲೋಮೀಟರಿಗೆ 25,000 ರೂಪಾಯಿಯಂತೆ. ಉಣಕಲ್ ಕೆರೆ ಹತ್ತಿರ ಇಳಿದುಬಿಟ್ಟರೆ ಎಷ್ಟು ಬಡವ ಅಂತ ಕಂಡಕ್ಟರ್ ಹೇಳಬೇಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ರಾಜ್ಯ ಸರ್ಕಾರ ವಿದ್ಯಾಸಿರಿ ಶುರು ಮಾಡಿದಾಗ ಗೊತ್ತು ಮಾಡಿದ್ದು ತಿಂಗಳಿಗೆ 1,500 ರೂಪಾಯಿ. ದಿನಕ್ಕೆ 50. ಅದೂ ವರ್ಷಕ್ಕೆ ಹತ್ತು ತಿಂಗಳು. ಉಳಿದೆರಡು ತಿಂಗಳು ಹೊಟ್ಟೆಗೂ ಬೇಸಿಗೆ ರಜೆ ಇರುತ್ತದೆ ಅಲ್ವಾ?

ಹೆಣ್ಣುಮಕ್ಕಳಿಗೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ‘ಪ್ರಗತಿ’ ಸ್ಕಾಲರ್‌ಶಿಪ್ ಇದೆ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಹುಡುಗಿಗೆ ವರ್ಷಕ್ಕೆ 50,000. ನಿಜಕ್ಕೂ ಉಪಯೋಗಕ್ಕೆ ಬರುವ ದುಡ್ಡು. ಆದರೆ ಒಂದು ಮನೆಗೆ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಗಂಡು ಬೇಕು, ಗಂಡು ಬೇಕು ಅಂತ ಅಜ್ಜಿ ಹರಕೆ ಹೊತ್ತು, ಮೂರನೆಯದೂ ಹೆಣ್ಣಾಗಿ, ಅವಳೂ ಅಕ್ಕಂದಿರ ಹಾಗೇ ಕೋಡಿಂಗ್ ಕಲಿಯುತ್ತೇನೆ ಎಂದರೆ ಪ್ರಗತಿ ಅಷ್ಟಕ್ಕೇ ಸಾಕು. ಹುಟ್ಟಿದಾಗ ಮನೆಯವರು ಮುಖ ಸಣ್ಣ ಮಾಡಿದ್ದರು. ಹದಿನೆಂಟು ವರ್ಷದ ಮೇಲೆ ಸರ್ಕಾರವೂ ಮಾಡಿತು.

ಆದಾಯದ ಸರ್ಟಿಫಿಕೇಟಿನ ಗುಟ್ಟು ನಿಮಗೂ ಗೊತ್ತು, ನನಗೂ ಗೊತ್ತು. ಹದಿನೈದು ಎಕರೆ ಅಡಿಕೆ ತೋಟದವರ ಆದಾಯ ಕಾಗದದ ಮೇಲೆ ಬರುವಾಗ ಬಾಳೆಲೆ ಹಾಗೆ ಸುರುಟಿಕೊಂಡು ಬರುತ್ತದೆ. ಗಾರ್ಮೆಂಟ್ಸಿನಲ್ಲಿ ಹೊಲಿಯುವ ತಾಯಿಗೆ ಆ ಸೌಲಭ್ಯ ಇಲ್ಲ. ಪಿಎಫ್ ಕಟ್ ಆಗುತ್ತದೆ, ಸ್ಲಿಪ್ ಬರುತ್ತದೆ, ಪ್ರತಿ ರೂಪಾಯಿಗೂ ಸಾಕ್ಷಿ ಇದೆ. ಗೆರೆ ದಾಟಿ ಸಿಕ್ಕಿಬೀಳುವುದು ಅವಳೇ. ಇದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನಗೆಹನಿ ಮಾಡಿ ಮಾಡಿ ಸಾಕಾಗಿದೆ. ಯಾರಿಗೆ ಕೊಡಬೇಕು ಅಂತ ಈ ವ್ಯವಸ್ಥೆಗೆ ಗೊತ್ತಿಲ್ಲದೆ ಏನಿಲ್ಲ. ಕೊಡದೆ ಇರೋಕೆ ಒಂದು ಕಾಗದ ಕಮ್ಮಿ ಇದ್ದರೆ ಅದಕ್ಕೆ ಸಮಾಧಾನ.

ಎಲ್ಲ ಕಾಗದ ಇದ್ದರೆ? ಆಗ ದುಡ್ಡಿರುವುದಿಲ್ಲ. 2025ರಲ್ಲಿ ಪರಿಶಿಷ್ಟರು ಮತ್ತಿತರರ ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಿಗೆ 106 ಜನರನ್ನು ಆರಿಸಿದರು. ಮೊದಲಿಗೆ ಪತ್ರ ಕೊಟ್ಟಿದ್ದು 40 ಜನರಿಗೆ. ಉಳಿದವರಿಗೆ, ಹಣ ಒದಗಿದರೆ ನೋಡೋಣ. ಅತ್ತ ವಿಮಾನದ ಟಿಕೆಟ್ ದರ ನೋಡುತ್ತಾ ಕೂತ ಮಕ್ಕಳು, ಇತ್ತ ಹಣ ಒದಗಿದರೆ. ಅದೇ ವರ್ಷ, ಕೇಂದ್ರದ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್ಪಿನಲ್ಲಿ ಸಂಶೋಧನೆ ಮಾಡುವವರು ತಿಂಗಳುಗಟ್ಟಲೆ ದುಡ್ಡು ಬಂದಿಲ್ಲ ಅಂತ ಗೋಗರೆದರು. ಅದೇ ವರ್ಷದ ಬಜೆಟ್ಟಿನಲ್ಲಿ ಪ್ರೈಮ್ ಮಿನಿಸ್ಟರ್ಸ್ ಫೆಲೋಶಿಪ್ ಐದು ವರ್ಷದಲ್ಲಿ 10,000 ಜನರಿಗೆ ಕೊಡುತ್ತೇವೆ ಎಂದಾಗ ಮೇಜು ಕುಟ್ಟಿದರು. ಮೇಜು ಕುಟ್ಟೋಕೆ ಆಧಾರ್ ಸೀಡಿಂಗ್ ಬೇಕಾಗಿಲ್ಲ.

ನಮ್ಮ ಗೌಂಡಿಯವರ ವಿಷಯಕ್ಕೆ ಬರೋಣ. ಮಾರ್ಕ್ಸ್ ಕಾರ್ಡ್ ತಿದ್ದಿಸಬೇಕಾದರೆ ಶಾಲೆಗೆ ಹೋಗಬೇಕು, ಅಲ್ಲಿಂದ ಬೋರ್ಡಿಗೆ ಹೋಗಬೇಕು, ಅಷ್ಟರಲ್ಲಿ ಹುಡುಗಿಯ ಡಿಪ್ಲೊಮಾ ಮುಗಿದಿರುತ್ತದೆ. ಅದಕ್ಕಿಂತ ಅಪ್ಪನ ಆಧಾರ್ ತಿದ್ದಿಸುವುದೇ ಸಲೀಸು ಎಂದು ಸೈಬರ್ ಸೆಂಟರಿನವನ ತೀರ್ಪು. ಅಲ್ಲಿ ಆಧಾರ್ ಬದಲಾದರೆ ಇಲ್ಲಿ ರೇಷನ್ ಕಾರ್ಡ್ ಕೂಡುವುದಿಲ್ಲ. ರೇಷನ್ ಕಾರ್ಡ್ ಸರಿ ಮಾಡಿಸಿದರೆ ಪಾಸ್‌ಬುಕ್ ಮುನಿಸಿಕೊಳ್ಳುತ್ತದೆ. ಊರಲ್ಲಿರುವ ಅರ್ಧ ಎಕರೆಯ ಪಹಣಿಯಲ್ಲಿ ಬೇರೆಯೇ ಸ್ಪೆಲ್ಲಿಂಗ್, ಅದು ಪುಣ್ಯಕ್ಕೆ ಕನ್ನಡದಲ್ಲಿದೆ. ಜೊತೆಗೆ ಆಧಾರ್‌ನಲ್ಲಿ ಹೆಸರು ತಿದ್ದಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ. ಎರಡು ಪಿ, ಎರಡು ಅವಕಾಶ. ಲೆಕ್ಕ ಸರಿಯಾಗಿದೆ.

ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹಿಂದಿನ ದಿನದ ಸಿಮೆಂಟು. ಟೋಕನ್ 64. ನಡೆಯುತ್ತಿದ್ದದ್ದು 11. ಒಂದು ದಿನದ ಪಗಾರ ಆಗಲೇ ಹೋಗಿತ್ತು. ಮಗಳು ಪಕ್ಕದಲ್ಲಿ ಫೋನ್ ನೋಡುತ್ತಾ, ‘ಕಾಕಾ, ಲಾಸ್ಟ್ ಡೇಟ್ ಮುಂದ ಹಾಕ್ಯಾರಂತ್ರಿ’ ಎಂದಳು. ಸಡಿಲಿಕೆ! ನಾನು ಏನೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಟೋಕನ್ ಚೀಟಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

‘ಸರ, ಒಂದು ಮಾತು. ಯಾವ ಪಿ ತಗೀತಾರ್ರಿ? ಮುಂದಿಂದೋ, ಹಿಂದಿಂದೋ?’