ಮೂರು ಬಾಕ್ಸ್ ಪಿಜ್ಜಾ

'ಇಪ್ಪತ್ತೇ ನಿಮಿಷದಲ್ಲಿ ಮನೆಯಲ್ಲೇ ಪಿಜ್ಜಾ' ಅಂತ ವಿಡಿಯೊ ಮಾಡುವವರನ್ನು ಒಂದು ಮಾತು ಕೇಳಬೇಕು. ನಿಮ್ಮ ಮನೆಯಲ್ಲಿ ಈರುಳ್ಳಿ ತಾನಾಗೇ ಹೆಚ್ಚಿಕೊಂಡು ಬಟ್ಟಲಿಗೆ ಬಂದು ಕೂರುತ್ತಾ? ಸಂಜೆ ಆಫೀಸಿನಿಂದ ಬಂದು, ಮಗಳ ಹೋಮ್‌ವರ್ಕ್ ನೋಡಿ, ಬೆಳಗಿನ ಪಾತ್ರೆ ತೊಳೆದು ಆಮೇಲೆ ಸ್ಟವ್ ಹಚ್ಚುವವರಿಗೆ ಆ ಇಪ್ಪತ್ತು ನಿಮಿಷ ಎಲ್ಲಿಂದ ಶುರುವಾಗುತ್ತೆ?

ನಮ್ಮ ಮನೆಯಲ್ಲಿ ಓವನ್ ಇಲ್ಲ. ಇಟಲಿಯ ನೇಪಲ್ಸ್‌ನಲ್ಲಿ ಕಟ್ಟಿಗೆ ಒಲೆಯ ಶಾಖ 400 ಡಿಗ್ರಿ ದಾಟಿರುತ್ತೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೆಂದು ಈಚೆ ಬರುತ್ತೆ. ಅಲ್ಲಿನ ಪಿಜ್ಜಾ ಮಾಡುವವರ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಸೇರಿಸಿಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಚಪಾತಿ ತವಾದ ಮೇಲೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ, ತಳ ಸೀಯದ ಹಾಗೆ ಮೇಲಿನ ಚೀಸ್ ಕರಗಿಸುವವರಿಗೂ ಯಾವುದಾದರೂ ಪಟ್ಟಿಯಲ್ಲಿ ಜಾಗ ಇರಬೇಕಲ್ವಾ?

ಇದನ್ನೆಲ್ಲ ಸಹಿಸಬಹುದು. ಸಹಿಸೋಕೆ ಆಗದ್ದು ನಮ್ಮ ಮಾವನ ಲೆಕ್ಕ.

ಮಾವ ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಎಪಿಎಂಸಿ ಮಂಡಿಯಲ್ಲಿ ಹರಾಜು ಕೂಗುವುದು ಬಾಕ್ಸಿಗೆ, ಅಂದರೆ 15 ಕೆ.ಜಿ.ಗೆ. ಹಾಗಾಗಿ ಅವರಿಗೆ ಜಗತ್ತಿನ ಯಾವ ವಸ್ತುವಿನ ಬೆಲೆಯೂ ರೂಪಾಯಿಯಲ್ಲಿ ಅರ್ಥವಾಗುವುದಿಲ್ಲ. ಮಗಳ ಶೂ ಎಂಟು ಬಾಕ್ಸ್. ನನ್ನ ರೇಷ್ಮೆ ಸೀರೆಯ ಲೆಕ್ಕ ಹಾಕುವಾಗ ಟೆಂಪೊ ತುಂಬಿಹೋಯಿತು. ಅದೂ ಬೆಲೆ ದಿನಾ ಬದಲಾಗುವುದರಿಂದ, ಅದೇ ಸೀರೆ ಒಂದು ವಾರ ಸಸ್ತಾ, ಇನ್ನೊಂದು ವಾರ ದುಂದುವೆಚ್ಚ.

ನಿನ್ನೆ ಬಾಕ್ಸಿಗೆ ನೂರು ರೂಪಾಯಿ ಸಿಕ್ಕಿತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೀದಾ ಅಡುಗೆಮನೆಗೆ ಬಂದು ಬಾಟಲಿ ಎತ್ತಿಕೊಂಡರು.

"ಏನಮ್ಮಾ ಇದು?"

"ಪಿಜ್ಜಾ ಸಾಸ್ ಮಾವ."

"ಯಾತರದ್ದು?"

ಸುಳ್ಳು ಹೇಳೋಣ ಅನ್ನಿಸಿತು. ಆದರೆ ಬಾಟಲಿ ಮೇಲೆ ಇಷ್ಟು ದಪ್ಪ ಚಿತ್ರವಿದೆ. "ಟೊಮೆಟೊದ್ದು" ಅಂದೆ.

"ಎಷ್ಟು ಕೊಟ್ಟೆ?"

"ನೂರು."

ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಾಡಿಸಿದರು. ಹದಿನೈದು ಕೆ.ಜಿ. ಇದರೊಳಗೆ ಎಲ್ಲಿ ಕೂತಿದೆ ಅಂತ ಹುಡುಕುತ್ತಿದ್ದರೋ ಏನೋ. ಆಮೇಲೆ ಚೀಸ್ ಪ್ಯಾಕೆಟ್ ಸಿಕ್ಕಿತು. ನೂರೈವತ್ತು ರೂಪಾಯಿ, ಒಂದೂವರೆ ಬಾಕ್ಸ್. ಬೇಕರಿಯಿಂದ ತಂದ ಮೂರು ಬೇಸ್‌ಗೆ ಅರವತ್ತು, ಅಂದರೆ ಒಂಬತ್ತು ಕೆ.ಜಿ. ದಪ್ಪ ಮೆಣಸಿನಕಾಯಿ ಮಾತ್ರ ಬಚಾವಾಯಿತು, ಅದು ಅವರ ಸ್ನೇಹಿತರ ಪಾಲಿಹೌಸಿನದು, ಪುಕ್ಕಟೆ. ಇಷ್ಟರಲ್ಲಿ ಮೊದಲನೇ ಪಿಜ್ಜಾದ ತಳ ಕಪ್ಪಾಗಿತ್ತು. ಚೀಸ್ ಮಾತ್ರ ಇನ್ನೂ ಅಲುಗಾಡದೆ ಕೂತಿತ್ತು.

ರೇಗುತ್ತೆ, ನಿಜ. ಆದರೆ 2023ರ ಜುಲೈ ನೆನಪಾದರೆ ಬಾಯಿ ಕಟ್ಟಿಹೋಗುತ್ತೆ. ಬಾಕ್ಸ್ ಎರಡು ಸಾವಿರ ದಾಟಿತ್ತು. ಟೊಮೆಟೊ ಹೊಲಕ್ಕೆ ರಾತ್ರಿ ಕಾವಲು ಕೂತವರಿದ್ದರು. ಅದರ ಹಿಂದಿನ ಬೆಳೆಗೆ ಕೊಯ್ಲಿನ ಕೂಲಿಯೂ ಗಿಟ್ಟದೆ ಬೇಜಾರಾಗಿದ್ದ ಮಾವ ಆ ಸಲ ಹೂಕೋಸು ಹಾಕಿದ್ದರು. ಆ ತಿಂಗಳೆಲ್ಲ ದಿನಾ ಮಂಡಿಗೆ ಹೋಗಿ, ಬೇರೆಯವರ ಹರಾಜು ನಿಂತು ನೋಡಿ, ಮನೆಗೆ ಬಂದು ಸುಮ್ನೆ ಊಟ ಮಾಡಿ ಮಲಗುತ್ತಿದ್ದರು. ಯಾವುದರ ಲೆಕ್ಕವನ್ನೂ ಹಾಕಲಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಒಂಬತ್ತೂವರೆ. ಮೂರನೆಯದು ತವಾದಿಂದ ಇಳಿಯುವ ಹೊತ್ತಿಗೆ ಮೊದಲನೆಯದು ರೊಟ್ಟಿಯಾಗಿತ್ತು. ನಮ್ಮೆಜಮಾನರು ಫೋನ್ ನೋಡುತ್ತಾ ತಿಂದರು, ಏನು ತಿಂದರು ಅಂತ ಅವರಿಗೆ ಈಗಲೂ ಗೊತ್ತಿರಲಿಕ್ಕಿಲ್ಲ. ಮಾವ ಮೊದಲು ಬೇಡ ಅಂದರು. ಆಮೇಲೆ ಒಂದು ತುಂಡು, ಅಂದರೆ ಕಾಲು ಪಿಜ್ಜಾ. ಆಮೇಲೆ ನಿಂಬೆಕಾಯಿ ಉಪ್ಪಿನಕಾಯಿ ಕೇಳಿ ಇಸಕೊಂಡು ಇನ್ನೊಂದು. ಮೂರನೆಯದಕ್ಕೆ ಕೈ ಹಾಕಿದಾಗ ಮಗಳು ಬೆರಳು ಮಡಚಿ, "ತಾತ, ಇದೂ ಸೇರಿ ನೀವು ಹನ್ನೆರಡು ಕೆ.ಜಿ. ತಿಂದ್ರಿ" ಅಂದಳು. ಲೆಕ್ಕ ಹೆಚ್ಚುಕಮ್ಮಿ ಸರಿ ಇತ್ತು. ಗಣಿತದಲ್ಲಿ ಅವಳಿಗೆ ಮಾರ್ಕ್ಸ್ ಯಾಕೆ ಬರಲ್ಲವೋ!

ಮಾವ ನಕ್ಕರು. "ಬಾಟ್ಲಿ ಯಾಕಮ್ಮಾ ತರ್ತೀಯ? ಸಾಸು ಮನೇಲೇ ಮಾಡು, ಟೊಮೆಟೊ ನಾನು ಕೊಡ್ತೀನಿ" ಅಂದರು. ಮಾತಿಗೆ ಅಂದಿದ್ದು ಅಂದುಕೊಂಡೆ.

ಬೆಳಿಗ್ಗೆ ಹಾಲು ಕಾಯಿಸಲು ಹೋದರೆ ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ತುಂಬಿದ ಬಾಕ್ಸ್. ಫ್ರಿಜ್ಜಿನಲ್ಲಿ ಹಿಡಿಸಿದ್ದು ಕಾಲು ಭಾಗ. ಎದುರುಮನೆಯವರಿಗೆ ಒಂದಿಷ್ಟು ಕೊಡೋಣ ಅಂತ ಪಾತ್ರೆಗೆ ತುಂಬಿಕೊಂಡು ಹೊರಟೆ. ಅವರೂ ಅಷ್ಟೇ ದೊಡ್ಡ ಪಾತ್ರೆ ತುಂಬಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಅವರ ಮಾವನೂ ಟೊಮೆಟೊ ಹಾಕಿದ್ದಾರೆ.